ಸೋಲಾರ್ ಹೊಲದ ಚರಗ

ಸೋಲಾರ್ ಹೊಲದ ಬೇಲಿಯ ಆಚೆ ಕಬ್ಬಿಣದ ಒಂದು ದೊಡ್ಡ ಪೆಟ್ಟಿಗೆ ಇದೆ. ಬಿಸಿಲು ಏರಿದಂತೆ ಅದು ಗುಂಯ್ ಎನ್ನತೊಡಗುತ್ತದೆ, ಹೊತ್ತು ಇಳಿದಂತೆ ಸುಮ್ಮನಾಗುತ್ತದೆ. ಮೊದಲ ಸಲ ಆ ಸದ್ದು ಕೇಳಿದಾಗ ನನಗೆ ನಮ್ಮ ಹಳೆಯ ಮನೆಯ ಹಿತ್ತಲು ನೆನಪಾಯಿತು. ನಮ್ಮ ಊರು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಸರಿದಿತ್ತು. ನಮ್ಮ ಮಣ್ಣಿನ ಮಾಳಿಗೆ ಮನೆಯ ಹಿಂದೆಯೇ ಊರ ಟಿ.ಸಿ. ಇತ್ತು, ಟ್ರಾನ್ಸ್‌ಫಾರ್ಮರಿಗೆ ನಾವು ಹಾಗೇ ಅನ್ನುತ್ತಿದ್ದೆವು. ಸಂಜೆ ಕರೆಂಟು ಬಂದರೆ ಅದರ ಗುಂಯ್ ಗೋಡೆಯೊಳಗೆ ಇಳಿದು, ಗೋಡೆಗೆ ಒರಗಿ ಕೂತವರ ಬೆನ್ನಿಗೂ ತಾಕುತ್ತಿತ್ತು. ಅಪ್ಪನ ತಾಯಿಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಅಮ್ಮ ಹಿಟ್ಟಿನ ಕೈಯಲ್ಲೇ ಬಲ್ಬಿಗೆ ಕೈಮುಗಿದು ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ವಾಸನೆ, ಒಲೆಯ ಹೊಗೆ, ಆಗಷ್ಟೇ ಆರಿಸಿದ ಚಿಮಣಿಯ ಸೀಮೆಎಣ್ಣೆಯ ಕಮಟು. ಇದಿಷ್ಟು ಖಂಡಿತ. ಇದರಾಚೆಗೆ ಬರೆಯುವುದೆಲ್ಲ ನಾನು ಕಂಡದ್ದೋ, ಆಮೇಲೆ ಯಾರೋ ಹೇಳಿ ನನ್ನದಾಯಿತೋ, ಹೇಳಲಾರೆ. ಆ ಮನೆ ಈಗ ಇಲ್ಲ. ತೊಲೆಗಳನ್ನು ಮಾರಿದರು, ಗೋಡೆಗಳು ಮಳೆಗೆ ತಾವೇ ಕೂತವು.

ಅಪ್ಪನ ತಮ್ಮ, ನಮ್ಮ ಕಾಕಾ, ಆಗ ಥರ್ಮಲ್ ಸ್ಥಾವರದಲ್ಲಿ ಗುತ್ತಿಗೆಯ ಮೇಲೆ ಕಲ್ಲಿದ್ದಲು ಇಳಿಸುವ ಕೆಲಸಕ್ಕಿದ್ದ. ರಜೆಗೆ ಬಂದಾಗ ಎಷ್ಟು ಮಿಂದರೂ ಅವನ ಉಗುರಿನ ಸಂದು ಕಪ್ಪಗೇ ಇರುತ್ತಿತ್ತು. ಒಮ್ಮೆ ಕಾಗದದಲ್ಲಿ ಸುತ್ತಿ ಒಂದು ಕಲ್ಲಿದ್ದಲ ಚೂರು ತಂದಿದ್ದ. ಕರೆಂಟು ಎಲ್ಲಿಂದ ಬರುತ್ತದೆ ಎಂದು ಅಮ್ಮ ಕೇಳುತ್ತಲೇ ಇದ್ದಳಲ್ಲ, ಅದಕ್ಕೆ.

"ಇದನ್ನ ಉರಸ್ತಾರ ಬೇ. ನೀರು ಕಾಸ್ತಾರ. ಉಗಿ ಬರ್ತದಲ್ಲ, ಆ ಉಗಿ ಚಕ್ರ ತಿರುವ್ತೈತಿ. ಚಕ್ರ ತಿರುಗಿತಂದ್ರ ಕರೆಂಟು."

"ನಾನೂ ದಿನಾ ನೀರು ಕಾಸ್ತೀನಲ್ಲೋ, ನನಗ್ಯಾಕ ಬರವಲ್ದು?"

"ನಿನ್ನ ಒಲಿಗೆ ಚಕ್ರ ಹಚ್ಚಿಲ್ಲ."

"ಮತ್ತ ಡ್ಯಾಮಿನ ಕರೆಂಟು ಅಂತಾರಲ್ಲ?"

"ಅಲ್ಲಿ ಉಗಿ ಬ್ಯಾಡ. ಮ್ಯಾಲಿಂದ ಬೀಳೋ ನೀರ ತಿರುವ್ತೈತಿ. ನೀರು ವರ್ಷಾ ಬರ್ತದ, ಇದು ಮುಗದ್ರ ಮುಗೀತು."

ನಾನು ನನ್ನ ವಿಜ್ಞಾನದ ಪಾಠ ತೆಗೆದೆ. ಕಲ್ಲಿದ್ದಲು ಒಂದು ಕಾಲಕ್ಕೆ ಗಿಡಮರವೇ ಆಗಿತ್ತು, ಕೋಟ್ಯಂತರ ವರ್ಷ ಮಣ್ಣಿನಡಿ ಒತ್ತಿಕೊಂಡು ಹೀಗಾಯಿತು ಎಂದು ಓದಿ ಹೇಳಿದೆ. ಅಮ್ಮ ಆ ಚೂರನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಹೊಲದಲ್ಲೇ ಕುಣಿ ತೋಡಿ, ಕೂರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಮಾಡುತ್ತಾರೆ. "ಮಣ್ಣಾಗ ಇಟ್ಟದ್ದನ್ನ ಮತ್ತ ತಗದು ಸುಡ್ತಾರೇನು?" ಎಂದಳು. ಆಮೇಲೆ ಕಾಕಾನ ಕಡೆ ತಿರುಗಿ, "ನನ್ನ ಮಾತ್ರ ತಗೀಬ್ಯಾಡ್ರಪ್ಪಾ" ಎಂದಳು. ಎಲ್ಲರೂ ನಕ್ಕರು. ಕಾಕಾನನ್ನು ಈಗ ಕೇಳಿದರೆ ಕಲ್ಲಿದ್ದಲು ತಂದದ್ದು ನೆನಪಿದೆ, ಆ ಮಾತು ನೆನಪಿಲ್ಲ ಎನ್ನುತ್ತಾನೆ. ನಾನೇ ಅದನ್ನು ಅವಳ ಬಾಯಿಗೆ ಇಟ್ಟಿರಬಹುದು. ಆದರೂ ಆ ಮಾತು ನನ್ನನ್ನು ಬಿಟ್ಟು ಹೋಗಲಿಲ್ಲ.

ಅಮ್ಮ ತೀರಿಕೊಂಡಾಗ ನಾನಿನ್ನೂ ಊರ ಶಾಲೆಯಲ್ಲಿದ್ದೆ. ಅವಳ ಮೇಲೆ ಕಟ್ಟೆ ಕಟ್ಟಿಸಬೇಕೆಂದು ಅಪ್ಪ ಅನ್ನುತ್ತಲೇ ಇದ್ದ, ಕಟ್ಟಿಸಲಿಲ್ಲ. ನೇಗಿಲು ಆಡಿ ಮಣ್ಣು ಸಮವಾಯಿತು. ಅಪ್ಪನೂ ಹೋದ. ಹೊಲ ಕಾಕಾನ ಪಾಲಿಗೆ ಬಂತು. ಅವನ ಮಕ್ಕಳು ಸಿಂಧನೂರಿನಲ್ಲಿ ಅಂಗಡಿ ಹಾಕಿಕೊಂಡರು, ಬಿತ್ತುವವರು ಉಳಿಯಲಿಲ್ಲ. ಅಕ್ಕಪಕ್ಕದ ಹೊಲಗಳನ್ನು ಸೋಲಾರ್ ಕಂಪನಿಯೊಂದು ಗುತ್ತಿಗೆಗೆ ಹಿಡಿದಾಗ ಕಾಕಾನೂ ಒಪ್ಪಿಕೊಂಡ. ಪ್ಲೇಟಿನ ಕಂಬ ಇಳಿಸುವ ಮೊದಲು, ಅಮ್ಮನನ್ನು ಮಣ್ಣು ಮಾಡಿದ ಜಾಗ ತೋರಿಸಲು ನನ್ನನ್ನು ಕರೆಸಿದ. ಮಣ್ಣು ಮಾಡಿದ ದಿನ ಅವನು ಥರ್ಮಲ್‌ನಲ್ಲಿದ್ದ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದು ಅಲ್ಲಿದ್ದ ಮನೆಯವರ ಪೈಕಿ ಉಳಿದವಳು ನಾನೊಬ್ಬಳೇ.

ನಾನೂ ಸಿಂಧನೂರಿನಲ್ಲೇ ಇದ್ದೆ, ಬೆಳಗಿನ ಬಸ್ಸಿಗೆ ಹೋದೆ. ಕಂಪನಿಯ ಎಂಜಿನಿಯರ್ ಬಳ್ಳಾರಿ ಕಡೆಯ ಸಣ್ಣ ಹುಡುಗ, ಒಳ್ಳೆಯವನು. "ಜಾಗ ತೋರ್ಸಿ ಮೇಡಂ, ಒಂದು ಕೋಣೆಯಷ್ಟು ಬಿಟ್ಟೇ ಪ್ಲೇಟ್ ಹಾಕ್ತೀವಿ. ಗಿಡ ಮಾತ್ರ ತೆಗೀಬೇಕಾಗುತ್ತೆ" ಎಂದ. ಹೊಲದ ನಡುವೆ ಒಂದು ಬೇವಿನ ಮರವಿತ್ತು. ಒಂದು ಪ್ಲೇಟಿನ ಮೇಲೆ ನೆರಳು ಬಿದ್ದರೂ ಅದರ ಜೊತೆ ಜೋಡಿಸಿದ ಸಾಲಿನ ಕರೆಂಟೇ ಇಳಿಯುತ್ತದಂತೆ. ಇಲ್ಲಿ ಏನೂ ಉರಿಯುವುದಿಲ್ಲ, ಏನೂ ತಿರುಗುವುದಿಲ್ಲ, ಬಿಸಿಲು ಬಿದ್ದರೆ ಸಾಕು, ಪ್ಲೇಟಿನೊಳಗೆ ಕರೆಂಟು ಹರಿಯುತ್ತದೆ, ಬೇಲಿಯಾಚೆ ಕೂರಿಸುವ ಪೆಟ್ಟಿಗೆ ಅದನ್ನು ಲೈನಿಗೆ ಒಗ್ಗುವಂತೆ ಬದಲಿಸುತ್ತದೆ ಎಂದು ವಿವರಿಸಿದ. ನಾನು ಕೇಳಿಸಿಕೊಳ್ಳುತ್ತಾ ಹೊಲ ನೋಡುತ್ತಿದ್ದೆ. ನನಗಿದ್ದ ನೆನಪು ಇಷ್ಟೇ: ಕಾಲು ಸುಡುತ್ತಿತ್ತು, ನಾನು ಬೇವಿನ ನೆರಳಿಗೆ ಸರಿದು ನಿಂತಿದ್ದೆ, ಕುಣಿ ನನ್ನ ಮುಂದಿತ್ತು. ಮರದ ಮುಂದಿನ ಜಾಗ ತೋರಿಸಿದೆ. ಹುಡುಗ ಸುಣ್ಣದ ಪುಡಿ ಸುರಿದು ಗುರುತು ಮಾಡಿದ.

ಅವನು ಅತ್ತ ಹೋದ ಮೇಲೆ ಕಾಕಾ ಮೆಲ್ಲಗೆ ಅಂದ: "ಬೇವಿನ ನೆಳ್ಳಾಗ ನಿಂತಿದ್ದೆ ಅಂತೀಯಲ್ಲ ಯವ್ವಾ, ಆ ಗಿಡ ಆಮ್ಯಾಲ ನಿಮ್ಮಪ್ಪ ಹಚ್ಚಿದ್ದು. ಅವ್ವ ಇದ್ದಾಗ ಅದು ಇದ್ದಿಲ್ಲ."

"ಹಂಗಾದ್ರ ನನಗ ಗೊತ್ತಿಲ್ಲ ಕಾಕಾ. ಇಲ್ಲೇ ಅಂತ ಗಟ್ಟಿ ಹೇಳಾಕ ಬರಲ್ಲ."

"ಅವರ ಮುಂದ ಹಂಗ ಅನಬ್ಯಾಡ ಮತ್ತ. ಅಲ್ಲೂ ಪ್ಲೇಟ್ ಹೊಡದಾರು."

ನನಗೆ ಅಳು ಬರಲಿಲ್ಲ, ಗಾಬರಿಯೂ ಆಗಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ನಿಂತ ಹಾಗಿತ್ತು. ಮರವನ್ನು ಮರುವಾರ ಕಡಿದರಂತೆ. ಕಂಬಗಳು ಇಳಿದವು. ಅವುಗಳಲ್ಲೊಂದು ಅಮ್ಮನ ಮೇಲೇ ಇಳಿಯಿತೋ ಏನೋ ಎಂದು ಯೋಚಿಸಬೇಕೆಂದುಕೊಂಡರೂ ಮನಸ್ಸು ಅಲ್ಲಿಗೆ ಹೋಗಲೇ ಇಲ್ಲ.

ಈ ಸಲ ಎಳ್ಳಮಾಸಿಗೆ ಕಾಕಾ ಫೋನು ಮಾಡಿ ಕರೆದ. ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ಅಂದು ಎಲ್ಲರೂ ತಂತಮ್ಮ ಹೊಲಕ್ಕೆ ಹೋಗಿ, ಮನೆಯಿಂದ ತಂದ ಅಡುಗೆಯನ್ನೆಲ್ಲ ಕಲಸಿ ಭೂಮಿತಾಯಿಗೆಂದು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಪ್ಲೇಟು ಹಾಕಿದ ಹೊಲದಲ್ಲಿ ಯಾರೂ ಚೆಲ್ಲಿರಲಿಲ್ಲ. ಕಾಕಾ ಕಂಪನಿಯವರನ್ನು ಮೊದಲೇ ಕೇಳಿಕೊಂಡು ಬಂದಿದ್ದ. ಗೇಟಿನ ವಾಚ್‌ಮನ್ ನಮ್ಮೂರಿನವನೇ, ಬಿಟ್ಟ. "ಏನು ಯಜಮಾನ್ರ, ಪ್ಲೇಟು ಚಲೋ ಬೆಳೀಲಿ ಅಂತ ಚರಗೇನು?" ಎಂದು ನಕ್ಕ.

"ಹೂಂ ಮತ್ತ, ಮುಂದಿನ ವರ್ಷ ತೆನಿ ಬಿಡ್ತಾವ ನೋಡು."

"ಮ್ಯಾಲ ಬೀಳದಂಗ ಚೆಲ್ರಿ, ನನ್ನ ಬೈತಾರ."

ಅಮ್ಮನಿಗೆಂದು ಪ್ಲೇಟು ಹಾಕದೆ ಬಿಟ್ಟ ಜಾಗದಲ್ಲಿ ಕಾಕಾ ಎಡೆ ಇಟ್ಟು ಕೈಮುಗಿದ. ನಾನೂ ಮುಗಿದೆ. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಅವನು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಪಕ್ಕದ ಸಾಲಿಗೆ ಹೋಗಿ ಬಗ್ಗಿದ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ ಕಲಸಿದ ತುತ್ತನ್ನು ಪ್ಲೇಟಿನ ಅಡಿಗೆ, ಕಂಬದ ಬುಡಕ್ಕೆ ಎಸೆದ. ಮುಂದಿನ ಕಂಬಕ್ಕೆ ಎಸೆದ. ಆ ಸಾಲು ಮುಗಿಸಿ ಇನ್ನೊಂದಕ್ಕೆ ದಾಟಿದ. ವಯಸ್ಸಾದ ಸೊಂಟ, ಪ್ರತಿ ಸಲ ಬಗ್ಗಿ ಏಳುವಾಗ ಕಂಬ ಹಿಡಿಯುತ್ತಿದ್ದ. ನಾನು ಬುಟ್ಟಿ ಹಿಡಿದು ಹಿಂದೆ ಹಿಂದೆ ನಡೆದೆ, ಅವನ ಕೈ ಮುಟ್ಟದ ಕಡೆ ನಾನು ಎಸೆದೆ. ಪ್ಲೇಟಿನ ಕೆಳಗೆ ತಂಪಿತ್ತು, ಕಪ್ಪು ಮಣ್ಣು ಬಿರಿದಿತ್ತು.

ಬೇಲಿ ಇನ್ನೂ ಒಂದಷ್ಟು ಸಾಲಿನಾಚೆ ಇರುವಾಗ ಬುಟ್ಟಿ ಬರಿದಾಯಿತು. ಕಾಕಾ ಕೈಯಾಡಿಸಿ ನೋಡಿದ. ಬುಟ್ಟಿಯನ್ನು ಬೋರಲು ಮಾಡಿ ತಟ್ಟಿದ. ಉಳಿದ ಸಾಲುಗಳ ಕಡೆ ನೋಡಿದ.

"ಅವ್ವ ಅಷ್ಟು ದೂರ ಹೋಗಿರಂಗಿಲ್ಲ ಬಿಡು" ಎಂದ.

ನಾನು ಹೂಂ ಅಂದೆ.