ಇಪ್ಪತ್ತು ಮೇಲಾಗಿ ಮಲಗುವ ದಾಳಗಳು

ಗಿರಿಜಾಬಾಯಿ ದಾಳಗಳ ಕಪಾಳಕ್ಕೆ ಹೊಡೆಯುತ್ತಿದ್ದರು. ಕೆಟ್ಟ ಅಂಕಿ ತೋರಿಸಿದ ದಾಳವನ್ನು ಎಡ ಅಂಗೈ ಮೇಲೆ ಕೂರಿಸಿಕೊಂಡು ಬಲಗೈಯ ಎರಡು ಬೆರಳಿನಿಂದ ಫಟ್ ಎಂದು ಒಂದು ಏಟು. ಎರಡನೇ ಸಲ ತಪ್ಪಿದರೆ ಜೈಲು. ಜೈಲೆಂದರೆ ನಮ್ಮ ಮನೆಯ ಫ್ರೀಜರ್. ಬಟಾಣಿ ಪೊಟ್ಟಣಕ್ಕೆ ಕೈ ಹಾಕಿದರೆ ಮಂಜು ಹಿಡಿದ ದಾಳವೊಂದು ಬೆರಳಿಗೆ ಸಿಗುತ್ತಿತ್ತು. "ತೆಗೀಬ್ಯಾಡ ಅದನ್ನ! ಶನಿವಾರದ ತನಕಾ ಸಜಾ ಐತಿ ಅದಕ್ಕ."

ನನಗೆ ಅವರು ಇಷ್ಟವಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ನಮ್ಮ ನೆತ್ತಿಯ ಮೇಲಿನ ಮನೆ. ಗದಗಿನವರು, ರೈಲ್ವೆಯ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾದವರು, ಒಂಟಿ. ಆಫೀಸಿನ ಹೊಸ ಹುಡುಗರು ಊಟದ ಬಿಡುವಿನಲ್ಲಿ ಆಡುತ್ತಿದ್ದ ಆಟವನ್ನು ನೋಡಿ ನೋಡಿ ಕಲಿತು, ಕೊನೆಗೆ ಆ ಹುಡುಗರನ್ನೇ ಹೆದರಿಸಿಟ್ಟಿದ್ದರಂತೆ. ಆಟ ಬಹಳ ಸರಳ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗುತ್ತಾರೆ. ಗೋಡೆ ಹಾರಬೇಕೆ, ಕಳ್ಳನನ್ನು ಹಿಡಿಯಬೇಕೆ, ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಅಂಕಿ ಬಿದ್ದರೆ ಗೆದ್ದಿರಿ, ಸಣ್ಣದು ಬಿದ್ದರೆ ಕೆಟ್ಟಿರಿ.

ನಮ್ಮ ಕಥೆ ನಡೆಸುತ್ತಿದ್ದವಳು ದೀಕ್ಷಾ. ಉಡುಪಿಯ ಹುಡುಗಿ, ಮಿಯಾಪುರದಲ್ಲಿ ವಾಸ. ಶನಿವಾರ ಮಧ್ಯಾಹ್ನ ಮೆಟ್ರೋ ಹಿಡಿದು, ಆಮೇಲೆ ಆಟೋ ಹಿಡಿದು ಬರುತ್ತಿದ್ದಳು. ಆಡುವವರು ಗಿರಿಜಾಬಾಯಿ, ನನ್ನ ಗಂಡ, ನಾನು. ದೊಡ್ಡ ಮೇಜು ಇದ್ದದ್ದು ನಮ್ಮಲ್ಲೇ ಆದ್ದರಿಂದ ಆಟವೂ ನಮ್ಮಲ್ಲೇ.

ತರಕಾರಿಯವನ ಜೊತೆ ತೆಲುಗು, ಪಕ್ಕದ ಮನೆಯವರ ಜೊತೆ ಹಿಂದಿ, ಡಿಫೆನ್ಸ್ ಕಾರ್ಖಾನೆಯಿಂದ ದಣಿದು ಬರುವ ಗಂಡನ ಜೊತೆ ಹೂಂ, ಉಹೂಂ. ನನಗೆ ಬಾಯಿ ತುಂಬ ಕನ್ನಡ ಸಿಗುತ್ತಿದ್ದದ್ದು ಆ ಮೂರು ಗಂಟೆಯಲ್ಲಿ ಮಾತ್ರ. ಕಥೆಯಲ್ಲಿ ನಾನು ಕಮಲಿ ಎಂಬ ಮೂಲಿಕೆ ವೈದ್ಯೆ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಕಲಿತವಳು, ಬಾಗಿಲಿಗೆ ತಗುಲಿದರೂ ಸಾರಿ ಅನ್ನುವವಳು. ಕಮಲಿ ಸೇನಾಪತಿಯ ಮುಖಕ್ಕೇ "ಆಗುವುದಿಲ್ಲ" ಎಂದು ಹೇಳಿ ಕುದುರೆ ಹತ್ತಿದವಳು. ಎರಡು ವರ್ಷ ಅವಳನ್ನು ಸಾಕಿದ್ದೆ.

ಗಿರಿಜಾಬಾಯಿಯ ಏಳು ದಾಳಗಳೂ ಕೆಂಪು, ಒಂದೊಂದಕ್ಕೆ ಒಂದೊಂದು ಲೆಕ್ಕದ ಮುಖ. ಅವು ಆಡಿದ ಮನೆಯಲ್ಲೇ ಮಲಗಬೇಕು ಎಂಬುದು ಅವರ ಕಟ್ಟಳೆ. ಹಾಗಾಗಿ ವಾರವಿಡೀ ನಮ್ಮ ಷೋಕೇಸಿನಲ್ಲಿ, ಒಡವೆ ಪೆಟ್ಟಿಗೆಯೊಂದರಲ್ಲಿ, ಪ್ರತಿ ದಾಳದ ಅತಿ ದೊಡ್ಡ ಅಂಕಿ ಮೇಲಾಗಿ ಮಲಗಿರುತ್ತಿದ್ದವು. "ಏನು ನೋಡಿಕೋತ ಮಲಗ್ತಾವೋ ಅದನ್ನಾ ಕಲೀತಾವ." ಮಂಗಳವಾರ ಧೂಳು ಹೊಡೆಯುವಾಗ ನಾನು ಉಸಿರು ಬಿಗಿಹಿಡಿದು ಪೆಟ್ಟಿಗೆ ಎತ್ತಿ, ಅಲುಗದಂತೆ ಇಡುತ್ತಿದ್ದೆ. ಇನ್ನೊಬ್ಬರ ದಾಳ ಅವರು ಮುಟ್ಟುವವರಲ್ಲ, ಅವರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನನ್ನ ಗಂಡ ಒಮ್ಮೆ ತಮಾಷೆಗೆ ಕೈ ಚಾಚಿದಾಗ ಸ್ಟೀಲ್ ಸ್ಕೇಲಿನಿಂದ ಪೆಟ್ಟು ತಿಂದರು. "ಏನ್ ಬಾಯಿ, ಕೈ ಮುರೀತೀರೇನು?" ಎಂದರೆ, "ದಾಳಕ್ಕಿಂತ ಕೈ ಸಸ್ತಾ ಐತ್ರಿ ಸಾಹೇಬ್ರ" ಎಂದರು.

ನಾನು ತಪ್ಪು ಮಾಡಿದ್ದು ಒಂದು ಶನಿವಾರ, ಆಟ ಶುರುವಾಗುವ ಮೊದಲು. ಇಪ್ಪತ್ತು ಮುಖದ ಆ ದೊಡ್ಡ ಕೆಂಪು ದಾಳ ಅವರ ಕೈ ಜಾರಿ ಸೋಫಾದಡಿಗೆ ಉರುಳಿತು. ಅವರು ಮೊಣಕಾಲು ನೋವಿನವರು, ನಾನೇ ಬಗ್ಗಿ ತೆಗೆದೆ. ಅದಕ್ಕೆ ಅವರ ಬೆರಳಿನ ಹಲ್ವದ ತುಪ್ಪ ಮೆತ್ತಿ ಧೂಳು ಕೂತಿತ್ತು. ಕೊಳೆಯಾದದ್ದನ್ನು ಹಾಗೇ ಕೊಡುವುದು ನನ್ನಿಂದಾಗದು. ಅಡುಗೆಮನೆಗೆ ಒಯ್ದು, ಪಾತ್ರೆ ಸೋಪು ಹಚ್ಚಿ, ನಲ್ಲಿಯಡಿ ತೊಳೆದು, ಒರೆಸಿ, ತಂದುಕೊಟ್ಟೆ. ಹೊಸದರಂತೆ ಹೊಳೆಯುತ್ತಿತ್ತು.

ಗಿರಿಜಾಬಾಯಿ ಅದನ್ನು ಮೂಸಿ ನೋಡಿದರು. "ನಿಂಬಿಹಣ್ಣಿನ ವಾಸನಿ. ತೊಳದೇನು?"

"ಸಾರಿ, ಜಿಡ್ಡಿತ್ತು, ಅದಕ್ಕೇ…"

"ಎಂಟು ವರ್ಸದ ಕೈ ಕಸುವು ಅದರಾಗಿತ್ತು. ತೊಳದು ಮೋರಿಗೆ ಹಾಕಿದಿ."

ಅಂದು ಕಥೆಯಲ್ಲಿ ಕಮಲಿ ಪಾಳುಬಾವಿಯ ಅಂಚಿನಿಂದ ಜಾರಿದಳು. ಅವಳ ಕೈ ಹಿಡಿದು ಎಳೆಯಬೇಕಾದದ್ದು ಗಿರಿಜಾಬಾಯಿ ಆಡುತ್ತಿದ್ದ ಡಕಾಯಿತ ಹೆಂಗಸು. ಹದಿನೈದು ಬೀಳಬೇಕಿತ್ತು. ದಾಳ ಉರುಳಿ, ಸಕ್ಕರೆ ಡಬ್ಬಿಗೆ ತಾಗಿ, ಎರಡು ತೋರಿಸಿ ನಿಂತಿತು.

"ಆಂಟೀ… ಕಮಲಿ ಹೋದ್ಲು," ಎಂದಳು ದೀಕ್ಷಾ, ಮೆಲ್ಲಗೆ.

ಗಿರಿಜಾಬಾಯಿ ದಾಳಕ್ಕೆ ಹೊಡೆಯಲಿಲ್ಲ. ನನ್ನ ಕಡೆ ನೋಡಿದರು. "ಇದರ ತಪ್ಪಲ್ಲ. ಮೂರು ತಿಂಗಳ ಹಿಂದ ತಾಯಿನ್ನ ಸುಟ್ಟು ಬಂದ ಕೈ. ಆ ಕೈಯಾಗ ಸೂತಕ ಇನ್ನೂ ಐತಿ. ಮುಟ್ಟಿದ್ದೆಲ್ಲಾ ಸಾಯ್ತೈತಿ."

ನನ್ನ ಗಂಡ ಟೀ ಕಪ್ಪನ್ನು ಕೆಳಗಿಟ್ಟ ಸದ್ದು ನನಗೆ ಇನ್ನೂ ಕೇಳುತ್ತದೆ. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಸೋಪಿನ ನೊರೆ ಸ್ವಲ್ಪ ಉಳಿದಿತ್ತು. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಸಾರಿ ಎಂದೆ.

ದೀಕ್ಷಾ ನನಗೆ ಹೊಸ ಪಾತ್ರ ಬರೆದುಕೊಡುತ್ತೇನೆಂದಳು. ಗಿರಿಜಾಬಾಯಿ ಒಪ್ಪಲಿಲ್ಲ. "ಆಕಿ ಈ ಮೇಜಿಗೆ ಕುಂತ್ರ ನಾ ಬರಂಗಿಲ್ಲ. ಕಾನ್ವೆಂಟಮ್ಮ ಚಾ ಮಾಡ್ಲಿ, ಅದು ಛಲೋ ಮಾಡ್ತಾಳ." ಜಗಳ ಬೇಡವೆಂದು ನಾನೇ ಎದ್ದೆ. ನಾಲ್ಕು ಶನಿವಾರ ನನ್ನ ಮನೆಯಲ್ಲಿ, ನನ್ನ ಮೇಜಿನ ಸುತ್ತ, ನಾನು ಟೀ, ಉಸ್ಮಾನಿಯಾ ಬಿಸ್ಕತ್ತು ಹಂಚಿದೆ. ಕಥೆ ಸ್ವಾರಸ್ಯಕ್ಕೆ ಬಂದಾಗ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರೆ, "ನೀರು ಕುದ್ದು ಬತ್ತಾಕತ್ತೈತಿ ನೋಡು" ಎಂದು ಒಳಗೆ ಅಟ್ಟುತ್ತಿದ್ದರು. ನನ್ನ ಗಂಡ ಆಟ ನಿಲ್ಲಿಸೋಣವೆಂದರು. ನಿಂತರೆ ಬಾಗಿಲಲ್ಲಿ ನಿಂತು ಕೇಳುವ ಕನ್ನಡವೂ ಹೋಗುತ್ತದೆ, ಬೇಡವೆಂದೆ.

ಐದನೆಯ ವಾರದ ಮಂಗಳವಾರ ಧೂಳು ಹೊಡೆಯುತ್ತ ಪೆಟ್ಟಿಗೆ ಎತ್ತಿದೆ. ಎಂದಿನಂತೆ ಉಸಿರು ಬಿಗಿಹಿಡಿದೆ. ಅವರ ದಾಳ ಅಲುಗದಿರಲೆಂದು ನಾನು ಉಸಿರಾಡದೆ ನಿಂತಿದ್ದೇನೆ! ಮುಚ್ಚಳ ತೆರೆದೆ. ಏಳು ದಾಳಗಳನ್ನೂ ಒಂದೊಂದಾಗಿ ತಿರುಗಿಸಿದೆ. ಏಳರ ಮೇಲೂ ಒಂದರ ಅಂಕಿ. ಮುಚ್ಚಳ ಹಾಕಿ ಷೋಕೇಸಿನ ಗಾಜು ಒರೆಸಿದೆ.

ಶನಿವಾರ ಗಿರಿಜಾಬಾಯಿ ಪೆಟ್ಟಿಗೆ ತೆರೆದವರು ಹಾಗೇ ಕೂತರು. "ಯಾರ ಕೆಲಸ ಇದು?"

"ನಂದು," ಎಂದೆ. ಟ್ರೇ ಕೆಳಗಿಟ್ಟು, ನನ್ನ ಕುರ್ಚಿ ಎಳೆದುಕೊಂಡು ಕೂತೆ.

"ನಾಕ್ ದಿವಸ ಒಂದು ನೋಡಿಕೋತ ಮಲಗ್ಯಾವು. ಇವನ್ನ ತೊಗೊಂಡು ಈಗ ಹೆಂಗ ಆಡ್ಲಿ?"

"ಆಂಟಿ, ನನ್ನ ದಾಳ ತಗೊಳ್ಳಿ ಮಾರಾಯ್ರೆ, ಎಂತ ಆಗುದಿಲ್ಲ," ಎಂದು ದೀಕ್ಷಾ ಮುಂದೆ ಚಾಚಿದಳು. ಅವರು ಮುಟ್ಟಲಿಲ್ಲ. ಮುಟ್ಟುವಂತಿರಲಿಲ್ಲ. ಅವರ ಕಟ್ಟಳೆಯೇ ಅವರನ್ನು ಕುರ್ಚಿಯಿಂದ ಎಬ್ಬಿಸಿತು. ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು, ಗೋಡೆ ಹಿಡಿದು, ಹೊರಟುಹೋದರು. ಮತ್ತೆ ಬರಲಿಲ್ಲ.

ಆಟ ನಡೆಯಿತು. ನನಗೆ ಹೊಸ ಪಾತ್ರ ಸಿಕ್ಕಿತು. ಆದರೆ ಯಾರೂ ಯಾರಿಗೂ ಬೈಯದ ಆ ಮೇಜಿನಲ್ಲಿ ದಾಳ ಬಿದ್ದರೆ ಬಿತ್ತು, ಅಷ್ಟೆ.

ಕೆಲವು ತಿಂಗಳ ಮೇಲೆ ಲಿಫ್ಟಿನಲ್ಲಿ ಸಿಕ್ಕಿದರು. ಕೆಳಗೆ ಟೆಂಪೋ ನಿಂತಿತ್ತು. ಗದಗಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು. ಕಂಕುಳಲ್ಲಿ ಅದೇ ಪೆಟ್ಟಿಗೆ.

"ಹೆಂಗ್ ನಡದೈತಿ ಆಟ?"

"ಚೆನ್ನಾಗಿದೆ."

"ಸುಳ್ಳ. ಭಾಳ ಸಪ್ಪಗ ಆಗೈತಂತ ಆ ಪೋರಿ ಹೇಳ್ಯಾಳ."

"ನಿಮ್ಮ ದಾಳ ಮತ್ತೆ ಕಲಿತವಾ?"

"ಆರು ಕಲ್ತಾವು. ಆ ದೊಡ್ಡದು ಇನ್ನೂ ಒಂದಾ ತೋರಸ್ತೈತಿ, ನಿನ್ನ ದಯಾ."

ಲಿಫ್ಟು ಕೆಳಗಿಳಿಯಿತು. ಬಾಗಿಲು ತೆರೆದರೂ ಅವರು ಹೊರಡಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತ ನಿಂತರು. ಬಾಗಿಲಿಗೂ ನಾನು ಅನ್ನುವ ಆ ಮಾತಿಗೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನೂ ಅದೇ ಮಾತಿಗೆ ಕಾಯುತ್ತಿದ್ದೆ, ನನ್ನ ಅಮ್ಮನ ಲೆಕ್ಕದ್ದು. ಇಬ್ಬರೂ ಹೇಳಲಿಲ್ಲ. ಬಾಗಿಲು ಮುಚ್ಚಲಾಗದೆ ಲಿಫ್ಟು ಕಿರುಗುಟ್ಟತೊಡಗಿತು.

"ಹಾಂ," ಎಂದರು, ಹೊಸ್ತಿಲು ದಾಟುತ್ತ. "ಈಗ ಆಡಾಕ ಕಲ್ತಿ."

ಈಗ ನನ್ನದೇ ಒಂದು ದಾಳವಿದೆ, ಹಸಿರು. ಹೋದ ಶನಿವಾರ ನಾನು ಟೀ ಸೋಸುತ್ತಿದ್ದಾಗ ನನ್ನ ಗಂಡ ಷೋಕೇಸು ತೆರೆದು ಅದಕ್ಕೆ ಕೈ ಹಾಕಿದರು.

"ಮುಟ್ಟಬ್ಯಾಡ್ರಿ ಅದನ್ನ!"

ಮೂವರೂ ಬೆಚ್ಚಿದೆವು. ಮೈಸೂರಿನ ಬಾಯಿಯಿಂದ ಬಂದ ಮಾತಲ್ಲ ಅದು. ದೀಕ್ಷಾ ತನಗರಿಯದೆ ತಲೆಯೆತ್ತಿ ಛಾವಣಿ ನೋಡಿದಳು. ಮೇಲಿನ ಮನೆಯ ಹೊಸಬರು ಯಾರೋ ಕುರ್ಚಿ ಎಳೆಯುತ್ತಿದ್ದರು.