ಹೊಕ್ಕಳ ಮೇಲೆ ನಿಂತ ಜೀನ್ಸ್

ನಮ್ಮ ಮನೆಯವರು ದೇವದುರ್ಗದಲ್ಲಿ ಕರೆಂಟಿನ ಕೆಲಸ ಮಾಡುತ್ತಾರೆ. ಹೊಸ ಮನೆಗಳಿಗೆ ವೈರು ಎಳೆಯುವುದು, ಫ್ಯಾನು ಕಟ್ಟುವುದು, ಮೋಟಾರಿನ ಸ್ಟಾರ್ಟರ್ ಕೆಟ್ಟರೆ ಬಿಚ್ಚಿ ನೋಡುವುದು. ಅದು ಹೊಟ್ಟೆಪಾಡಿನ ಕೆಲಸ. ಅವರು ಎದೆಯುಬ್ಬಿಸಿ ಮಾಡುವ ಕೆಲಸ ಬೇರೆಯೇ ಇದೆ. ಕಾರ್ತಿಕ ಮಾಸದಲ್ಲಿ ನಮ್ಮ ಓಣಿಯ ಹನುಮಪ್ಪನ ಗುಡಿಗೆ, ಬುಡದಿಂದ ಶಿಖರದ ತನಕ, ಲೈಟಿನ ಸರ ಕಟ್ಟುವುದು. ನಾನು ಮದುವೆಯಾಗಿ ಈ ಓಣಿಗೆ ಬಂದ ವರ್ಷವೂ ಅವರು ಏಣಿಯ ಮೇಲೆಯೇ ಇದ್ದರು. ಅದಕ್ಕೆ ಕೂಲಿ ಇಲ್ಲ, ಅದು ಸೇವೆ. ಅವರದು ಮೇಲೆ ಹತ್ತುವ ಸೇವೆ, ನನ್ನದು ಕೆಳಗೆ ನಿಂತು ಏಣಿ ಹಿಡಿಯುವ ಸೇವೆ.

ಹೋದ ವರ್ಷ ಆ ಸೇವೆಗೇ ಕುತ್ತು ಬಂತು. ಅದೂ ಒಂದು ಪ್ಯಾಂಟಿನಿಂದ.

ತೆಳು ಬಟ್ಟೆಯ ಪ್ಯಾಂಟು ಮೊಳೆಗೆ, ಏಣಿಗೆ ಸಿಕ್ಕಿ ಹರಿಯುತ್ತದೆ ಅಂತ ಅವರು ಜೀನ್ಸ್ ಹಾಕಲು ಶುರು ಮಾಡಿದ್ದರು. ಬಟ್ಟೆಯೇನೋ ಗಟ್ಟಿ. ಆದರೆ ಈಗ ಅಂಗಡಿಗೆ ಬರುವ ಗಂಡಸರ ಜೀನ್ಸೆಲ್ಲ ಹೊಟ್ಟೆಯ ಕೆಳಗೆ ನಿಲ್ಲುವಂಥವು. ನಮ್ಮವರಿಗೋ ನಲವತ್ತು ದಾಟಿದ ಮೇಲೆ ದೇವರು ಒಳ್ಳೆಯ ಹೊಟ್ಟೆ ಕೊಟ್ಟಿದ್ದಾನೆ. ಅದರ ಕೆಳಗೆ ಬೆಲ್ಟು ಎಷ್ಟು ಬಿಗಿದರೂ ಪ್ಯಾಂಟು ಜಾರುವುದೇ. ಹೋದ ಕಾರ್ತಿಕದಲ್ಲಿ ಶಿಖರದ ಹತ್ತಿರ ಎರಡೂ ಕೈ ಮೇಲೆತ್ತಿ ಸರ ಕಟ್ಟುತ್ತಿದ್ದಾಗ ಅಂಗಿ ಮೇಲೇರಿತು, ಪ್ಯಾಂಟು ಕೆಳಗಿಳಿಯಿತು. ಕೈ ಬಿಟ್ಟರೆ ಸರ ಬೀಳುತ್ತದೆ, ಬಿಡದಿದ್ದರೆ ಮಾನ ಹೋಗುತ್ತದೆ. ಅವರು ಸರ ಬಿಡಲಿಲ್ಲ. ಕೆಳಗೆ ನಿಂತವರೆಲ್ಲ ನಕ್ಕರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದರು.

ಈ ವರ್ಷ ಮಹಾನವಮಿಗೆ ಮುಂಚೆಯೇ ಗುಡಿಯ ಹಿರಿಯರು ಕೇಳಲು ಬಂದರು. ನಮ್ಮವರು ತಲೆ ಎತ್ತದೆ ಹೇಳಿದರು.

"ಈ ಸಲ ಬ್ಯಾರೆಯವರಿಗೆ ಹೇಳ್ರಿ ಯಪ್ಪಾ. ನನಗ ಮೊಣಕಾಲು ಹಿಡದಾವ."

ಮೊಣಕಾಲಿಗೆ ಏನೂ ಆಗಿರಲಿಲ್ಲ. ಅದು ನನಗೂ ಗೊತ್ತು, ಹಿರಿಯರಿಗೂ ಗೊತ್ತು. ದೀಪಾವಳಿ ಅಮಾವಾಸ್ಯೆಯ ತನಕ ಕಾಯುತ್ತೇವೆ, ಆಮೇಲೆ ಬಾಡಿಗೆಯ ಲೈಟಿನವರನ್ನು ಕರೆಸುತ್ತೇವೆ ಅಂದು ಅವರು ಚಹಾ ಕುಡಿದು ಎದ್ದರು. ಅಂದು ಹನುಮಪ್ಪನ ಮುಂದೆ ನಿಂತು ನಾನು ಬೇರೇನೂ ಕೇಳಲಿಲ್ಲ. ಇವರ ಸೊಂಟದಲ್ಲಿ ನಿಲ್ಲುವ ಒಂದು ಪ್ಯಾಂಟು ತೋರಿಸಪ್ಪಾ ಅಂದೆ. ದೇವರಿಗೆ ಇಂಥದ್ದನ್ನೆಲ್ಲ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನಾನು ಕೇಳುತ್ತೇನೆ.

ಪಂಚೆ ಉಟ್ಟು ಏಣಿ ಹತ್ತಲಿಕ್ಕಾಗುವುದಿಲ್ಲ. ನಮ್ಮೂರಿನ ಟೇಲರ್‌ ಹತ್ತಿರ ಹೋದರೆ, ದಪ್ಪ ಜೀನ್ಸ್ ಬಟ್ಟೆಗೆ ತನ್ನ ಮಷಿನ್ನಿನ ಸೂಜಿ ಮುರಿಯುತ್ತದೆ, ರೆಡಿಮೇಡ್ ತಗೊಳ್ಳಿ ಅಂದ. ರೆಡಿಮೇಡ್ ತರಲು ಅಳತೆ ಬೇಕು. ಅಳತೆ ಕೊಡಿ ಅಂದರೆ ನಮ್ಮವರು ಆ ಮಾತೇ ಬೇಡ ಅಂದರು.

ಅಷ್ಟರಲ್ಲಿ ಮಹಾನವಮಿ ಬಂತು. ಆ ದಿನ ನಮ್ಮ ಮನೆಯಲ್ಲಿ ಗಂಡಸರು ಎಣ್ಣೆ ಹಚ್ಚಿ ಮೈ ತೊಳೆದುಕೊಂಡು ಸೊಂಟಕ್ಕೆ ಹೊಸ ಉಡದಾರ ಕಟ್ಟುವ ಪದ್ಧತಿ. ಹಳೆಯದನ್ನು ಕತ್ತರಿಸಿ, ಯಾರೂ ತುಳಿಯದ ಹಾಗೆ ಗಿಡದ ಬುಡಕ್ಕೆ ಹಾಕುತ್ತೇವೆ. ಹಾಕಲು ಅಂತ ಅವರು ಅದನ್ನು ನನ್ನ ಕೈಗೆ ಕೊಟ್ಟರು. ಕೈಯಲ್ಲಿ ಹಿಡಿದು ನೋಡುತ್ತೇನೆ, ಅವರ ಸೊಂಟದ ಸುತ್ತಳತೆಯೇ ನನ್ನ ಅಂಗೈಯಲ್ಲಿದೆ. ಇನ್ನೇನು ಬೇಕು? ಅಂದಾಜು ಮಾಡುವುದಿಲ್ಲ, ಕೇಳುವುದಿಲ್ಲ, ಅವರಿಗೆ ಗೊತ್ತಾಗುವುದೂ ಇಲ್ಲ. ಗಿಡದ ಬುಡಕ್ಕೆ ಹಾಕದ್ದಕ್ಕೆ ದೇವರಿಗೆ ಒಂದು ತಪ್ಪುಗಾಣಿಕೆ ತೆಗೆದಿಟ್ಟು, ದಾರವನ್ನು ಕುಂಕುಮದ ಚೀಟಿಯಲ್ಲಿ ಸುತ್ತಿ ಪರ್ಸಿನಲ್ಲಿ ಹಾಕಿಕೊಂಡೆ.

ಮಗಳು ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳಿಗೆ ಹಬ್ಬದ ಹೋಳಿಗೆ ಕೊಡುವ ನೆಪದಲ್ಲಿ ಬಸ್ಸು ಹತ್ತಿದೆ. ವಿಷಯ ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ, ಹೊಕ್ಕಳ ತನಕ ಬರುವ ಅಂಥ ಪ್ಯಾಂಟಿಗೆ ಹೈ ರೈಸ್ ಅನ್ನುತ್ತಾರೆ ಅಂತ ಹೇಳಿಕೊಟ್ಟಳು. ಆ ಮಾತು ನನ್ನ ಬಾಯಲ್ಲಿ ಕೂರುವ ತನಕ ಎರಡು ಅಂಗಡಿ ದಾಟಿದ್ದವು. ಮೂರನೆಯ ಅಂಗಡಿಯ ಹುಡುಗ ಬಣ್ಣಬಣ್ಣದ ಜೀನ್ಸ್ ತಂದು ಹರಡಿದ. ಮಗಳು ನನ್ನ ತೋಳು ಚಿವುಟಿದಳು. ಎಲ್ಲ ಹೆಣ್ಣುಮಕ್ಕಳವು.

"ಹೈ ರೈಸ್ ಅಂದ್ರ ಲೇಡೀಸ್‌ಗೇ ಬರ್ತಾವ್ರಿ ಅಕ್ಕಾ. ಅಣ್ಣಾರಿಗೆ ಸ್ಲಿಮ್ ಫಿಟ್ ಒಯ್ಯಿರಿ," ಅಂದ ಅವನು.

"ಅಣ್ಣಾರು ಸ್ಲಿಮ್ ಇದ್ದಿದ್ರ ನಾ ಯಾಕ ಇಷ್ಟು ತಿರುಗ್ತಿದ್ದೆ ತಮ್ಮಾ," ಅಂದೆ.

ಕೊನೆಗೆ ಒಂದು ಸಣ್ಣ ಅಂಗಡಿಯಲ್ಲಿ, ಹಳೆಯ ಮಾಲು ಅಂತ ಮೇಲೆ ಕಟ್ಟಿಟ್ಟ ಗಂಟಿನಲ್ಲಿ, ಅದು ಸಿಕ್ಕಿತು. ಗಂಡಸರದೇ, ಕಡುನೀಲಿ, ಸೊಂಟದ ಪಟ್ಟಿ ಎತ್ತರಕ್ಕೆ ನಿಲ್ಲುವಂಥದ್ದು. ದಾರ ತೆಗೆದು ಅದರ ಸೊಂಟದ ಸುತ್ತ ಹಿಡಿದೆ. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅಂಗಡಿಯವರ ಮುಂದೆಯೇ ಎರಡು ಕೈ ಎತ್ತಿ ಮುಗಿದುಬಿಟ್ಟೆ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅದೂ ಹನುಮಪ್ಪನ ಕೃಪೆಯೇ. ದಾರಿಯುದ್ದಕ್ಕೂ ಆ ಚೀಲ ನನ್ನ ತೊಡೆಯ ಮೇಲೆ ಹಸುಗೂಸಿನ ಹಾಗೆ ಕೂತಿತ್ತು.

ಮನೆಗೆ ಬಂದು ನಮ್ಮವರ ಮುಂದಿಟ್ಟೆ. ಬೇಡ ಬೇಡ ಅನ್ನುತ್ತಲೇ ಒಳಗೆ ಹೋಗಿ ಹಾಕಿಕೊಂಡರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಉಸಿರು ಬಿಗಿಹಿಡಿದು ನಿಂತಿದ್ದಾರೆ, ಪ್ಯಾಂಟು ಹೊಕ್ಕಳ ತನಕ ಬಂದಿದೆ, ಆದರೆ ಗುಂಡಿಗೂ ಕಾಜಿಗೂ ನಡುವೆ ನನ್ನ ಅಂಗೈ ಹಿಡಿಸುವಷ್ಟು ಜಾಗ. ಅಳತೆ ಯಾರು ಕೊಟ್ಟರು ಅಂತ ಕೇಳಿದರು. ನಾನು ದಾರ ತೋರಿಸಿದೆ. ಅವರು ಮಂಚದ ಮೇಲೆ ಕೂತು ನಗಲು ಶುರು ಮಾಡಿದರು.

"ಉಡದಾರ ಎಲ್ಲಿರ್ತದ? ಹೊಟ್ಟಿ ಕೆಳಗ ಇರ್ತದ. ನೀ ಕೆಳಗಿಂದು ಅಳತಿ ಒಯ್ದು ಮ್ಯಾಲ ನಿಲ್ಲೋ ಪ್ಯಾಂಟ್ ತಂದೀ."

ಹೌದಲ್ಲ ಅನಿಸಿ ನನಗೂ ನಗು ಬಂತು, ಹಿಂದೆಯೇ ಅಳುವೂ ಬಂತು. ಆದರೆ ಅವರು ಪ್ಯಾಂಟನ್ನು ತಕ್ಷಣ ಬಿಚ್ಚಲಿಲ್ಲ. ಹೊಕ್ಕಳ ಮೇಲಿನ ಪಟ್ಟಿಯನ್ನು ಎರಡು ಬೆರಳಿನಿಂದ ಹಿಡಿದು, ಎತ್ತರ ಮಾತ್ರ ಸರಿ ಅದ ನೋಡು ಅಂದರು. ಒಂದು ವರ್ಷದಲ್ಲಿ ಮೊದಲ ಸಲ ಆ ವಿಷಯಕ್ಕೆ ಅವರು ತಾವಾಗಿಯೇ ಬಾಯಿಬಿಟ್ಟಿದ್ದರು. ನನಗೆ ಅಷ್ಟೇ ಸಾಕಾಯಿತು.

ಪ್ಯಾಂಟನ್ನು ಬಸ್ಸಿನವರ ಕೈಯಲ್ಲಿ ಮಗಳಿಗೆ ಕಳಿಸಿದೆ. ರಾಯಚೂರಿನ ಆ ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಸೈಜು ಇರಲಿಲ್ಲ. ಪುಣ್ಯಕ್ಕೆ ಅದನ್ನು ವಾಪಸ್ ತೆಗೆದುಕೊಂಡು ಮಗಳಿಗೆ ಒಂದು ಕುರ್ತಾ ಕೊಟ್ಟರು. ಇತ್ತ ನಾನು ಮಾನ್ವಿಯಲ್ಲಿರುವ ತಂಗಿಗೆ ಫೋನ್ ಮಾಡಿದೆ. ಅವಳೂರು ಭತ್ತದ ಊರು. ಅಲ್ಲಿ ಮಿಲ್ಲುಗಳ ಹಮಾಲರೂ ಲಾರಿ ಡ್ರೈವರುಗಳೂ ಪ್ಯಾಂಟು ಒಯ್ಯುವ ಅಂಗಡಿಯೊಂದಿದೆ, ಮೂಟೆ ಹೊರುವವರಿಗೆ ಜಾರುವ ಪ್ಯಾಂಟು ನಡೆಯುವುದಿಲ್ಲ, ಮಾವನನ್ನೇ, ಅಂದರೆ ನಮ್ಮವರನ್ನೇ, ಕರೆದುಕೊಂಡು ಬಾ ಅಂದಳು. ಬರಲಿಕ್ಕಿಲ್ಲ ಅಂತ ನಾನು ಅಂದುಕೊಂಡಿದ್ದೆ. ತಂಗಿಯ ಮಿಕ್ಸಿ ಕೆಟ್ಟಿದೆ ಅಂದ ಕೂಡಲೇ ಸ್ಕ್ರೂಡ್ರೈವರ್ ಚೀಲ ಹೆಗಲಿಗೆ ಹಾಕಿಕೊಂಡರು. ಮಿಕ್ಸಿ ನಿಜವಾಗಿಯೂ ಕೆಟ್ಟಿತ್ತು, ಸುಳ್ಳು ಹೇಳುವ ಪ್ರಸಂಗವೂ ಬರಲಿಲ್ಲ. ಸಿರವಾರದಲ್ಲಿ ಇಳಿದರೆ ಮಾನ್ವಿಯ ಬಸ್ಸು ನಮಗಾಗಿಯೇ ನಿಂತ ಹಾಗೆ ನಿಂತಿತ್ತು.

ಮಿಕ್ಸಿ ರಿಪೇರಿಯಾದ ಮೇಲೆ ತಂಗಿ ನಮ್ಮಿಬ್ಬರನ್ನೂ ಆ ಅಂಗಡಿಗೆ ಕರೆದೊಯ್ದಳು. ಈ ಸಲ ನಾನೇ ಟೇಪು ಹಿಡಿದು, ಅಂಗಿಯ ಮೇಲಿಂದ ಸರಿಯಾಗಿ ಹೊಕ್ಕಳ ಸುತ್ತ ಅಳತೆ ತೆಗೆದೆ. ನಮ್ಮವರು ನಾಚಿ ಗೋಡೆಯ ಕಡೆ ಮುಖ ಮಾಡಿದರು.

"ಮಾವಾರ, ಉಸುರು ಬಿಡ್ರಿ. ಇಲ್ಲಾಂದ್ರ ನಮ್ಮಕ್ಕ ಮತ್ತ ಸಣ್ಣದ ಒಯ್ತಾಳ," ಅಂದಳು ತಂಗಿ.

ಒಂದು ಹಾಕಿದರು, ತೊಡೆಯಲ್ಲಿ ಬಿಗಿಯಾಯಿತು. ಇನ್ನೊಂದರಲ್ಲಿ ಹಿಂದೆ ಗಾಳಿ ತುಂಬಿತು. ಮತ್ತೊಂದು ಹಾಕಿ ಹೊರಗೆ ಬಂದರು. ಹೊಟ್ಟೆ ಒಳಗೆ ನೆಮ್ಮದಿಯಾಗಿ ಕೂತಿತ್ತು, ಬೆಲ್ಟೇ ಬೇಡದ ಹಾಗೆ ಪಟ್ಟಿ ನಿಂತಿತ್ತು. ಕೂತು ಏಳಿ ಅಂದೆ. ಕೂತು ಎದ್ದರು. ಆದರೂ ನನ್ನ ಜೀವಕ್ಕೆ ಸಮಾಧಾನವಿಲ್ಲ. ಮೇಲಿನ ಖಾನೆಯಿಂದ ಬಟ್ಟೆ ತೆಗೆಯಲು ಅಂಗಡಿಯವರು ಇಟ್ಟಿದ್ದ ಏಣಿ ನನ್ನ ಕಣ್ಣಿಗೆ ಬಿತ್ತು.

"ಅಣ್ಣಾರ, ನಿಮ್ಮ ಏಣಿ ಸ್ವಲ್ಪ ಕೊಡ್ರಿ," ಅಂದೆ.

ಅಂಗಡಿಯವರು ಒಮ್ಮೆ ನನ್ನನ್ನು, ಒಮ್ಮೆ ಇವರನ್ನು ನೋಡಿದರು. ಏಣಿ ಬಂತು. ನಾನು ಹಿಡಿದುಕೊಂಡೆ. ನಮ್ಮವರು ಹತ್ತಿ, ತುದಿಯಲ್ಲಿ ನಿಂತು, ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿದರು. ಗಿರಾಕಿಗಳು ಚೌಕಾಸಿ ಬಿಟ್ಟು ನೋಡುತ್ತಿದ್ದರು. ಅಂಗಿ ಮೇಲೇರಿತು. ಪ್ಯಾಂಟು ಒಂದು ಎಳೆಯೂ ಕದಲಲಿಲ್ಲ. ನಾನು ಹನುಮಪ್ಪಾ ಅಂದೆ, ತಂಗಿ ಚಪ್ಪಾಳೆ ಹೊಡೆದಳು. ಅವರು ಕಣ್ಣು ತೆರೆದು ತಮ್ಮ ಸೊಂಟ ನೋಡಿಕೊಂಡರು. ಮತ್ತೆ ಕೈ ಎತ್ತಿದರು, ಈ ಸಲ ನಾನು ಹೇಳದೆಯೇ. ಹಾಗೆಯೇ ಕೈಗೆ ಸಿಕ್ಕ ಒಂದು ಟ್ಯೂಬ್‌ಲೈಟನ್ನು ತಿರುವಿದರು. ಮಿಣುಕುತ್ತಿದ್ದ ಅದು ಸರಿಯಾಗಿ ಹತ್ತಿಕೊಂಡಿತು.

"ಆ ಮೂಲ್ಯಾಗಿಂದೂ ಹಂಗ ಮಾಡಾಕತ್ತದ್ರಿ. ಅದಕ್ಕೂ ಕೈ ಹಚ್ಚಿಬಿಡ್ರಿ," ಅಂದರು ಅಂಗಡಿಯವರು.

ನಮ್ಮವರು ಇಳಿಯಲಿಲ್ಲ. ಏಣಿಯ ಮೇಲಿಂದಲೇ ನನ್ನ ಕಡೆ ಬಗ್ಗಿದರು.

"ಗುಡಿ ಹಿರ್ಯಾರಿಗೆ ಫೋನ್ ಹಚ್ಚು. ಬಾಡಿಗಿಯವರನ್ನ ಕರಿಸಬ್ಯಾಡ್ರಿ ಅಂತ ಹೇಳು."

ನನ್ನ ಎರಡೂ ಕೈ ಏಣಿಯ ಮೇಲಿದ್ದವು, ನಂಬರು ತಂಗಿಯೇ ಒತ್ತಿದಳು.

ಕಾರ್ತಿಕದಲ್ಲಿ ಅವರು ಏಣಿ ಹತ್ತಿದ ಸಂಜೆ ಓಣಿಯ ಜನ ಹೋದ ವರ್ಷಕ್ಕಿಂತ ಹೆಚ್ಚು ಸೇರಿದ್ದರು. ಕೆಲವರ ಕೈಯಲ್ಲಿ ಮೊಬೈಲು ಸಿದ್ಧವಾಗಿಯೇ ಇತ್ತು. ನಾನು ಏಣಿಯ ಎರಡು ಕಾಲನ್ನೂ ಗಟ್ಟಿಯಾಗಿ ಹಿಡಿದಿದ್ದೆ. ಅವರು ಶಿಖರ ಮುಟ್ಟಿ ಕೈ ಎತ್ತಿದರು, ಸರ ಸುತ್ತಿದರು, ಗಂಟು ಹಾಕಿದರು, ಸ್ವಿಚ್ಚು ಹಾಕಲು ಕೂಗಿದರು. ದೀಪ ಹತ್ತಿದಾಗ ಎಲ್ಲರೂ ದೀಪವನ್ನೇ ನೋಡಿದರು. ಅವರ ಪ್ಯಾಂಟಿನ ಕಡೆ ಯಾರೂ ನೋಡಲಿಲ್ಲ, ನಾನೂ ಸಹ.

"ಇನ್ನೊಂದು ಸರ ಕೊಡು ಮ್ಯಾಲ, ಇಲ್ಲೊಂದಿಷ್ಟು ಕತ್ತಲಿ ಉಳದದ," ಅಂತ ಮೇಲಿಂದ ಅವರ ದನಿ ಬಂತು. ನಾನು ಒಂದು ಕೈಯಿಂದ ಏಣಿ ಹಿಡಿದು, ಇನ್ನೊಂದು ಕೈಯಿಂದ ಸರ ಎತ್ತಿಕೊಟ್ಟೆ.