ಬೆಟ್ಟದ ಬುಡದ ಬೆಂಕಿ ಗೆರೆ

“ಏನ್ರೀ ಮಾಡ್ತಿದ್ದೀರಿ?” ಎಂದು ಕೂಗುತ್ತಲೇ ಸ್ಕೂಟರ್ ನಿಲ್ಲಿಸಿ ಓಡಿದೆ. ಮಿಡಿಗೇಶಿ ಬೆಟ್ಟದ ಬುಡದಲ್ಲಿ, ಹೆಗಲಿಗೆ ಕಂಬಳಿ ಹಾಕಿದ್ದ ಮುದುಕರೊಬ್ಬರು ಒಣಹುಲ್ಲಿಗೆ ಕಡ್ಡಿ ಗೀರಿದ್ದರು. ಹಳೇ ಹುಲ್ಲು ಸುಟ್ಟರೆ ಮಳೆಗೆ ಹೊಸ ಚಿಗುರು ಬರುತ್ತದೆಂದು ಕುರಿ ಮೇಯಿಸುವವರು ಬೆಂಕಿ ಇಡುವುದನ್ನು, ಪಾಠ ಮಾಡಲು ಶಾಲೆಗೆ ಹೋಗುವ ಈ ದಾರಿಯಲ್ಲಿ ಎಷ್ಟೋ ಬೇಸಿಗೆ ನೋಡಿದ್ದೆ. ಈ ಸಲ ಬಿಡಬಾರದೆಂದು ಅವರ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡು, ಪೊಲೀಸರಿಗೆ ಹೇಳಲು ಮೊಬೈಲ್ ತೆಗೆದೆ.

ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಹಸಿ ಸೊಪ್ಪಿನ ಕೊಂಬೆಗಳನ್ನು ಹಿಡಿದು ಅರಣ್ಯ ರಕ್ಷಕರು ಬಂದರು. ದಾರಿಯಂಚಿನ ಹುಲ್ಲನ್ನು ಗೆರೆಯಂತೆ ಮೊದಲೇ ಸುಟ್ಟು ಆರಿಸಿದರೆ, ಆಮೇಲೆ ಯಾರು ಬೆಂಕಿ ಇಟ್ಟರೂ ಅದು ಬೆಟ್ಟ ಹತ್ತುವುದಿಲ್ಲವಂತೆ. ಗಾಳಿಯ ದಿಕ್ಕು ಬಲ್ಲ ಈ ಅಜ್ಜನನ್ನು ಅದಕ್ಕಾಗಿ ಅವರೇ ಕರೆಸಿದ್ದರಂತೆ.

ತಲೆ ತಗ್ಗಿಸಿ ಪೊಟ್ಟಣ ವಾಪಸ್ ಕೊಟ್ಟೆ. ಅಜ್ಜ ಸಿಟ್ಟಾಗಲಿಲ್ಲ. “ನೀನು ಬೈದಿದ್ದು ಸರಿಯಾಗೇ ಐತೆ ಕಣಮ್ಮ. ಹೋದ ವರ್ಸ ಈ ಬೆಟ್ಟಕ್ಕೆ ಬೆಂಕಿ ಇಟ್ಟೋನು ನಾನೇಯ. ಪೊದೆ ಹಿಂದೆ ಮರಿ ಹಾಕ್ತಿದ್ದ ನನ್ ಕುರೀನೇ ಬೆಂದೋಗ್ಬುಡ್ತು” ಎಂದರು. ಆಮೇಲೆ ಒಂದು ಹೊಂಗೆ ಕೊಂಬೆಯನ್ನು ನನ್ನ ಕೈಗೆ ಕೊಟ್ಟು, “ಬಡಿ, ಗಾಳಿ ತಿರುಗ್ತೈತೆ” ಎಂದರು.

ಅಂದು ಶಾಲೆಗೆ ಮಸಿ ಮೆತ್ತಿದ ಸೀರೆಯಲ್ಲೇ ಹೋದೆ. ಈಗ ಮೊದಲ ಮಳೆ ಬಿದ್ದು ವಾರವಾಯಿತು. ಬೆಟ್ಟ ಈ ವರ್ಷ ಉರಿದಿಲ್ಲ. ದಾರಿಯುದ್ದದ ಆ ಕಪ್ಪು ಗೆರೆ ಚಿಗುರಿದೆ, ಅಜ್ಜನ ಕುರಿಗಳು ಅಲ್ಲಿ ಮೇಯುತ್ತಿವೆ. ಆ ಗೆರೆಯಲ್ಲಿ ನಾಲ್ಕು ಮಾರು ಉದ್ದ ನಾನು ಬಡಿದು ಆರಿಸಿದ್ದು.